ಮಾತ್ರೆ ಬಿಡಲೂ ಒಂದು ಚೀಟಿ ಬೇಡವೇ?

ಮನಸ್ಸಿನ ಕಾಯಿಲೆಗೆ ಮಾತ್ರೆ ಶುರುಮಾಡುವುದಕ್ಕೆ ನಮ್ಮಲ್ಲಿ ಎಷ್ಟೊಂದು ವಿಧಿಗಳಿವೆ! ಮೊದಲು ಮನೆಯೊಳಗೆ ಗುಟ್ಟಿನ ಸಮಾಲೋಚನೆ, ಆಮೇಲೆ ಜ್ಯೋತಿಷಿ, ಆಮೇಲೆ ಊರಿನ ಯಾರ ಕಣ್ಣಿಗೂ ಬೀಳದಂತೆ ಮಂಗಳೂರಿನ ಬಸ್ಸು, ಅಲ್ಲಿ ಗಂಟೆಗಟ್ಟಲೆ ಕಾಯುವುದು, ಕೊನೆಗೊಂದು ಚೀಟಿ. ಆ ಚೀಟಿಯಲ್ಲಿ ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು, ಊಟದ ಮೊದಲೋ ನಂತರವೋ ಎಲ್ಲವೂ ಇರುತ್ತದೆ. ಬಿಡುವಾಗ ಮಾತ್ರ ಚೀಟಿಯೂ ಇಲ್ಲ, ಲೆಕ್ಕವೂ ಇಲ್ಲ. ಒಂದು ದಿನ ಯಾರೋ ‘ಇನ್ನು ಸಾಕು’ ಎನ್ನುತ್ತಾರೆ. ಅದು ವೈದ್ಯರಿರಬಹುದು, ಅತ್ತೆಯಿರಬಹುದು, ಖಾಲಿಯಾದ ಕಿಸೆಯಿರಬಹುದು. ಅಲ್ಲಿಗೆ ಮುಗಿಯಿತು. ಮುಂದಿನ ಎರಡು ಮೂರು ವಾರಗಳಲ್ಲಿ ಆ ಮನುಷ್ಯನಿಗೆ ಏನಾಗುತ್ತದೆ ಎಂದು ಕೇಳುವವರಿಲ್ಲ. ನನ್ನ ತಕರಾರು ಇದರ ಮೇಲೆ.

ನಾನು ವೈದ್ಯನಲ್ಲ. ಬಿ.ಎ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದವನು. ಕೆಲಸ ಸಿಕ್ಕಿದ್ದೇ ಗೋವಾದಲ್ಲಿ. ಕೆಲವು ವರ್ಷಗಳಿಂದ ಕೊರ್ಲಿಮ್‌ನ ಶಾಖೆಯಲ್ಲಿದ್ದೇನೆ. ಹೆಂಡತಿ, ಮಗಳು, ತಾಯಿ ಮೂವರೂ ಕುಂಬಳೆ ಕಡೆಯ ಮನೆಯಲ್ಲಿ. ಮಗಳು ಕನ್ನಡ ಮಾಧ್ಯಮದಲ್ಲೇ ಓದಲಿ ಎಂಬುದು ನಮ್ಮಿಬ್ಬರ ಹಟ. ‘ವಿತ್‌ಡ್ರಾವಲ್’ ಎಂಬ ಇಂಗ್ಲಿಷ್ ಶಬ್ದ ನನಗೆ ದಿನದ ಅನ್ನ. ಕೌಂಟರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಆ ಚೀಟಿಗಳಿಗೆ ಮೊಹರು ಹಾಕುವುದೇ ಕಸುಬು. ಇದೇ ಶಬ್ದಕ್ಕೆ ವೈದ್ಯಶಾಸ್ತ್ರದಲ್ಲಿ ಇನ್ನೊಂದು ಅರ್ಥವಿದೆ ಎಂಬುದನ್ನು 2022ರಲ್ಲಿ ನನ್ನ ತಲೆಯೇ ನನಗೆ ಕಲಿಸಿತು.

ಕೊರ್ಲಿಮ್ ಎಂದರೆ ಹಳೆ ಗೋವಾದ ಇಗರ್ಜಿಗಳನ್ನು ದಾಟಿ ಫೋಂಡಾದ ಕಡೆ ಹೋಗುವ ಹೆದ್ದಾರಿಯ ಮೇಲಿನ ಊರು. ಒಂದು ಕೈಗಾರಿಕಾ ವಸಾಹತು, ಅದರಾಚೆ ಸಾಂತಾ ಮೋನಿಕಾ ಎಂಬ ಹೆಸರಿನ ದೊಡ್ಡ ರಾಸಾಯನಿಕ ಕಾರ್ಖಾನೆ. ಹಳಬರು ಅದನ್ನು ‘ಸೀಬಾ’ ಎಂದೇ ಕರೆಯುತ್ತಾರೆ, ಏಕೆಂದರೆ ಅದನ್ನು ನಡೆಸುತ್ತಿದ್ದುದು ಸ್ವಿಸ್ ಮೂಲದ ಸೀಬಾ-ಗೈಗಿ ಕಂಪೆನಿ. ಇಲ್ಲಿ ತಯಾರಾಗುತ್ತಿದ್ದುದು ಮುಖ್ಯವಾಗಿ ಬೆಳೆಗೆ ಹೊಡೆಯುವ ಮದ್ದು. ಆದರೆ ಜೋಡಿ ಹೆಸರಿನಲ್ಲಿ ಎರಡನೆಯದಾದ ಗೈಗಿಗೆ ಇನ್ನೊಂದು ಚರಿತ್ರೆಯಿದೆ. ಖಿನ್ನತೆಗೆ ಕೊಡುವ ಮಾತ್ರೆಗಳ ಮೊದಲ ತಲೆಮಾರಿನ ಇಮಿಪ್ರಮಿನ್ ಹುಟ್ಟಿದ್ದು ಅವರ ಪ್ರಯೋಗಶಾಲೆಯಲ್ಲಿ. 1956ರಲ್ಲಿ ರೋಲಾಂಡ್ ಕೂನ್ ಎಂಬ ವೈದ್ಯರು ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್‌ಲಿಂಗೆನ್ ಆಸ್ಪತ್ರೆಯ ರೋಗಿಗಳಿಗೆ ಅದನ್ನು ಕೊಟ್ಟು ನೋಡಿ, 1957ರಲ್ಲಿ ಅದರ ಗುಣವನ್ನು ಬರೆದು ಪ್ರಕಟಿಸಿದರು. ಟೋಫ್ರಾನಿಲ್ ಎಂಬ ಹೆಸರಿನಲ್ಲಿ ಅದು ಅಂಗಡಿಗೆ ಬಂತು. ಆ ದಶಕ ಮುಗಿಯುವುದರೊಳಗೇ, ಅದನ್ನು ಥಟ್ಟನೆ ನಿಲ್ಲಿಸಿದವರಿಗೆ ಹೊಸ ತೊಂದರೆಗಳು ಕಾಣಿಸುತ್ತವೆ ಎಂಬ ವರದಿಗಳೂ ವೈದ್ಯಪತ್ರಿಕೆಗಳಲ್ಲಿ ಬಂದವು. ಅಂದರೆ ಈ ಸಂಗತಿ ನಿನ್ನೆ ಮೊನ್ನೆಯದಲ್ಲ. ಮಾತ್ರೆಯಷ್ಟೇ ಹಳೆಯದು. ಆದರೂ ನನಗೆ ಮಾತ್ರೆ ಬರೆದುಕೊಟ್ಟವರು ಇದರ ಬಗ್ಗೆ ಒಂದಕ್ಷರ ಹೇಳಿರಲಿಲ್ಲ.

ನಾನು ಹದಿನಾಲ್ಕು ತಿಂಗಳು ಪ್ಯಾರೊಕ್ಸೆಟಿನ್ ತೆಗೆದುಕೊಂಡೆ. ಅದರಿಂದ ಗುಣವಾಯಿತು ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ. ನಿದ್ದೆ ಬಂತು, ಅನ್ನ ರುಚಿಸಿತು, ಕ್ಯಾಶ್ ಲೆಕ್ಕ ಒಂದೇ ಸಲಕ್ಕೆ ಕೂಡಿಬಂತು. ಕೊನೆಯ ಭೇಟಿಯಲ್ಲಿ ವೈದ್ಯರು ಅರ್ಧ ನಿಮಿಷದಲ್ಲಿ, ‘ನೀವೀಗ ಚೆನ್ನಾಗಿದ್ದೀರಿ, ಇನ್ನು ನಿಲ್ಲಿಸಬಹುದು’ ಎಂದರು. ಮರುದಿನದಿಂದ ನಿಲ್ಲಿಸಿದೆ. ಮೂರನೆಯ ದಿನ ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತೆ ‘ಝುಂ’ ಎನ್ನತೊಡಗಿತು. ನಿಂತಲ್ಲೇ ನೆಲ ವಾಲಿದಂತೆ, ದೋಣಿಯಲ್ಲಿ ನಿಂತಂತೆ. ರಾತ್ರಿ ಬಣ್ಣಬಣ್ಣದ ದುಃಸ್ವಪ್ನಗಳು. ಇವನ್ನಾದರೂ ತಾಳಿಕೊಳ್ಳಬಹುದು. ತಾಳಿಕೊಳ್ಳಲಾಗದ್ದು ಮನಸ್ಸಿನ ಏರಿಳಿತ. ಪಿಂಚಣಿಯ ಅಜ್ಜಿಯೊಬ್ಬರು ಜೀವಂತ ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದನ್ನು ಕಂಡು ಕಣ್ಣೀರು ಉಕ್ಕಿಬಂತು. ಅದೇ ಸಂಜೆ ಹೆಂಡತಿ ಫೋನಿನಲ್ಲಿ ‘ಊಟ ಆಯಿತಾ?’ ಎಂದದ್ದಕ್ಕೆ ಮೈಯೆಲ್ಲ ಉರಿಯುವ ಸಿಟ್ಟು. ಮಾತ್ರೆ ತೆಗೆದುಕೊಳ್ಳುವ ಮೊದಲಿನ ನನ್ನ ಕಾಯಿಲೆಯಲ್ಲಿ ಸಿಟ್ಟು ಇರಲೇ ಇಲ್ಲ. ಅದರಲ್ಲಿ ಇದ್ದುದು ಒಂದು ಮಂಕು ಮಾತ್ರ.

ಕರ್ಮಲಿಯಲ್ಲಿ ರೈಲು ಹತ್ತಿ ಊರಿಗೆ ಹೋದೆ. ಮನೆಯಲ್ಲಿ ಮೂರು ತೀರ್ಪುಗಳು ಸಿದ್ಧವಾಗಿದ್ದವು. ಸೋದರಮಾವ, ‘ಕಾಯಿಲೆ ತಿರುಗಿ ಬಂತು, ಇದು ಜನ್ಮಕ್ಕಂಟಿದ್ದು’ ಎಂದರು. ಭಾವ, ‘ನಾನು ಆವತ್ತೇ ಹೇಳಿರಲಿಲ್ಲವಾ, ಆ ಮಾತ್ರೆಗೆ ದಾಸನಾಗುತ್ತೀ ಎಂದು?’ ಎಂದರು. ನೆರೆಮನೆಯ ಹಿರಿಯರೊಬ್ಬರು ದೈವಕ್ಕೆ ಹೇಳಿಕೊಂಡ ಹರಕೆ ಬಾಕಿಯಿದೆಯೇ ಎಂದು ವಿಚಾರಿಸಿದರು. ಮೂವರೂ ನನ್ನ ಮೇಲೆ ಪ್ರೀತಿಯಿದ್ದವರೇ. ಆದರೆ ‘ಮಾತ್ರೆ ನಿಲ್ಲಿಸಿ ಎಷ್ಟು ದಿನವಾಯಿತು?’ ಎಂಬ ಒಂದೇ ಒಂದು ಪ್ರಶ್ನೆ ಯಾರ ಬಾಯಿಂದಲೂ ಬರಲಿಲ್ಲ. ಆ ಪ್ರಶ್ನೆ ಕೇಳಿದವರು ಗೋವಾದ ಇನ್ನೊಬ್ಬ ವೈದ್ಯರು. ಮಾತ್ರೆ ಮತ್ತೆ ಶುರುವಾದ ಮೂರ್ನಾಲ್ಕು ದಿನಗಳಲ್ಲಿ ತಲೆಯ ಕರೆಂಟೂ ಹೋಯಿತು, ಸಿಟ್ಟೂ ಹೋಯಿತು. ಆಮೇಲೆ ಅವರು ಒಂದು ಹಾಳೆಯಲ್ಲಿ ಗೆರೆ ಎಳೆದು, ಯಾವ ತಿಂಗಳು ಎಷ್ಟು ಇಳಿಸಬೇಕು, ತೊಂದರೆಯಾದರೆ ಎಲ್ಲಿ ನಿಲ್ಲಬೇಕು ಎಂದು ಬರೆದುಕೊಟ್ಟರು. ಆ ಹಾಳೆ ಇಂದಿಗೂ ನನ್ನ ಪಾಸ್‌ಬುಕ್ಕಿನೊಳಗಿದೆ. ಈಗ ನಾನು ಮಾತ್ರೆ ತೆಗೆದುಕೊಳ್ಳುತ್ತೇನೋ ಇಲ್ಲವೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಖಾತೆ; ಅದರ ಶಿಲ್ಕು ಎಷ್ಟೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಮಾತ್ರೆ ಬಿಟ್ಟಾಗಿನ ಮನಸ್ಸಿನ ಏರುಪೇರಿಗೆ ಎರಡು ಕಾರಣಗಳಿರಬಹುದು. ಒಂದು, ಔಷಧಿಗೆ ಒಗ್ಗಿಹೋದ ಮೆದುಳು ಅದು ಏಕಾಏಕಿ ಇಲ್ಲವಾದಾಗ ತಡಬಡಾಯಿಸುವುದು. ಇನ್ನೊಂದು, ಹಳೆಯ ಖಿನ್ನತೆ ನಿಜವಾಗಿಯೂ ಮರಳಿ ಬರುವುದು. ಮೊದಲನೆಯದು ಸಾಮಾನ್ಯವಾಗಿ ಬಿಟ್ಟ ಕೆಲವೇ ದಿನಗಳಲ್ಲಿ ಎದ್ದು ನಿಲ್ಲುತ್ತದೆ. ತಲೆಸುತ್ತು, ಕರೆಂಟಿನ ಝುಂ, ವಾಕರಿಕೆ, ವಿಚಿತ್ರ ಕನಸು ಮುಂತಾಗಿ ಹಿಂದೆ ಇಲ್ಲದಿದ್ದ ದೇಹದ ಲಕ್ಷಣಗಳನ್ನು ಜೊತೆಗೆ ತರುತ್ತದೆ. ಮಾತ್ರೆ ಮತ್ತೆ ಕೊಟ್ಟರೆ ಬೇಗನೆ ಇಳಿಯುತ್ತದೆ. ಎರಡನೆಯದು ಹೆಚ್ಚಾಗಿ ವಾರಗಳು, ತಿಂಗಳುಗಳು ಕಳೆದ ಮೇಲೆ ಹಳೆಯ ಹೆಜ್ಜೆಯಲ್ಲೇ ನಿಧಾನವಾಗಿ ಬರುತ್ತದೆ. ಎರಡೂ ಬೆರೆತು ಬರುವುದುಂಟು, ಆಗ ವೈದ್ಯರಿಗೂ ಕಷ್ಟ. ಆದರೆ ನಮ್ಮ ಮನೆಗಳಲ್ಲಿ ಈ ಎರಡನ್ನೂ ಬಿಟ್ಟು ಮೂರನೆಯ ಕಾರಣವನ್ನೇ ಹಿಡಿಯುತ್ತಾರೆ: ‘ಅವನ ಸ್ವಭಾವವೇ ಅದು.’ ಇದಕ್ಕಿಂತ ಕ್ರೂರವಾದ ರೋಗನಿರ್ಣಯ ಇನ್ನೊಂದಿಲ್ಲ.

‘ದಾಸ’ ಎಂಬ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ವ್ಯಸನ ಬೇರೆ, ದೇಹದ ಒಗ್ಗಿಕೆ ಬೇರೆ. ಕುಡುಕನಿಗೆ ಇನ್ನಷ್ಟು ಬೇಕೆನಿಸುತ್ತದೆ, ಅಮಲು ಬೇಕೆನಿಸುತ್ತದೆ. ಈ ಮಾತ್ರೆಗಳಿಂದ ಅಮಲಿಲ್ಲ, ಆಸೆಯಿಲ್ಲ. ಸ್ಟೆರಾಯ್ಡನ್ನೂ ರಕ್ತದೊತ್ತಡದ ಕೆಲವು ಮಾತ್ರೆಗಳನ್ನೂ ಥಟ್ಟನೆ ನಿಲ್ಲಿಸಬಾರದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಬಿ.ಪಿ. ಮಾತ್ರೆ ನುಂಗುವ ಸೋದರಮಾವನನ್ನು ಯಾರೂ ದಾಸ ಎಂದದ್ದನ್ನು ನಾನು ಕೇಳಿಲ್ಲ. ಮಲಯಾಳದಲ್ಲಿ ಮಾತ್ರೆಗೆ ಗುಳಿಗ ಎನ್ನುತ್ತಾರೆ. ತುಳುನಾಡಿನವನಾದ ನನಗೆ ಆ ಹೆಸರು ಕೇಳಿದರೆ ನೆನಪಾಗುವುದೇ ಬೇರೆ. ಆದರೂ ಎರಡನ್ನೂ ಏಕಾಏಕಿ ಕೈಬಿಟ್ಟರೆ ಉಪದ್ರವ ತಪ್ಪಿದ್ದಲ್ಲ.

ಮನೆಯವರ ಅಜ್ಞಾನವನ್ನಾದರೂ ಕ್ಷಮಿಸಬಹುದು. ಬಲ್ಲವರ ಮೌನಕ್ಕೆ ಏನೆನ್ನೋಣ? 1990ರ ದಶಕದಲ್ಲಿ, ಔಷಧಿ ಕಂಪೆನಿಯ ನೆರವಿನಿಂದ ನಡೆದ ತಜ್ಞರ ಸಭೆಯ ನಂತರ, ಈ ತೊಂದರೆಗೆ ‘ಡಿಸ್‌ಕಂಟಿನ್ಯುಯೇಷನ್ ಸಿಂಡ್ರೋಮ್’ ಎಂಬ ಉದ್ದನೆಯ ಹೆಸರು ಚಾಲ್ತಿಗೆ ಬಂತು. ‘ವಿತ್‌ಡ್ರಾವಲ್’ ಎಂದರೆ ಜನ ಹೆದರುತ್ತಾರಲ್ಲ! ಬ್ರಿಟನ್ನಿನಲ್ಲಿ ವೈದ್ಯರಿಗೆ ದಾರಿ ತೋರಿಸುವ ‘ನೈಸ್’ ಎಂಬ ಸಂಸ್ಥೆಯ ಮಾರ್ಗಸೂಚಿ, ಈ ತೊಂದರೆ ಸಾಮಾನ್ಯವಾಗಿ ಸೌಮ್ಯವಾದದ್ದು, ಸುಮಾರು ಒಂದು ವಾರದಲ್ಲಿ ತಾನೇ ಹೋಗುವಂಥದ್ದು ಎಂದು ವರ್ಷಗಟ್ಟಲೆ ಹೇಳುತ್ತಿತ್ತು. 2019ರಲ್ಲಿ ಅಲ್ಲಿನ ಮನೋವೈದ್ಯರ ರಾಯಲ್ ಕಾಲೇಜು ತನ್ನ ನಿಲುವು ಬದಲಿಸಿತು. ಅದೇ ವರ್ಷ ನೈಸ್ ಕೂಡ, ಕೆಲವರಿಗೆ ಇದು ತೀವ್ರವಾಗಿರಬಹುದು, ದೀರ್ಘಕಾಲ ಕಾಡಬಹುದು ಎಂದು ತಿದ್ದಿಕೊಂಡಿತು. ಈ ತಿದ್ದುಪಡಿಗಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ಹೆಚ್ಚಿನವರು ರೋಗಿಗಳೇ. ‘ನಿಮಗೆ ಹಾಗನ್ನಿಸುತ್ತದೆ ಅಷ್ಟೆ’ ಎಂದು ವೈದ್ಯರಿಂದ ಕೇಳಿ ಕೇಳಿ ಸಾಕಾದವರು.

ಆದರೆ ಇದನ್ನೇ ಹಿಡಿದು ಮಾತ್ರೆಯೇ ಮೋಸ ಎಂದು ಕೂಗುವವರ ಗುಂಪಿಗೂ ನಾನು ಸೇರಿದವನಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2024ರ ಒಂದು ಜರ್ಮನ್ ಪರಿಶೀಲನೆಯ ಪ್ರಕಾರ, ಮಾತ್ರೆ ಬಿಟ್ಟವರಲ್ಲಿ ನೂರಕ್ಕೆ ಸುಮಾರು 31 ಮಂದಿ ತೊಂದರೆ ಹೇಳಿದರು. ಬರೀ ಹುಸಿಮಾತ್ರೆ ತಿಂದು ಬಿಟ್ಟವರಲ್ಲೂ 17 ಮಂದಿ ಹೇಳಿದರು. ಎಂದರೆ ಔಷಧಿಯಿಂದಲೇ ಬಂದ ತೊಂದರೆ ಆರೇಳು ಮಂದಿಗೊಬ್ಬರಲ್ಲಿ. ತೀವ್ರವಾದ ತೊಂದರೆ ಅದಕ್ಕಿಂತ ಎಷ್ಟೋ ಕಡಿಮೆ. ಹೆಚ್ಚಿನವರು ಸುಖವಾಗಿ ದಾಟುತ್ತಾರೆ. 2021ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಇನ್ನೊಂದು ಅಧ್ಯಯನದಲ್ಲಿ, ಬಹುಕಾಲದಿಂದ ಮಾತ್ರೆಯಲ್ಲಿದ್ದು ಈಗ ಚೆನ್ನಾಗಿರುವ 478 ಮಂದಿಯನ್ನು ಒಂದು ವರ್ಷ ಗಮನಿಸಿದರು. ಹಂತಹಂತವಾಗಿ ನಿಲ್ಲಿಸಿದವರಲ್ಲಿ ನೂರಕ್ಕೆ 56 ಮಂದಿಗೆ ಖಿನ್ನತೆ ಮರಳಿತು. ಮುಂದುವರಿಸಿದವರಲ್ಲೂ 39 ಮಂದಿಗೆ ಮರಳಿತು. ಇದನ್ನು ಓದಿ ಒಬ್ಬರು ‘ನೋಡಿ, ಬಿಡಬಾರದು’ ಎನ್ನಬಹುದು, ಇನ್ನೊಬ್ಬರು ‘ನೋಡಿ, 44 ಮಂದಿ ಬಿಟ್ಟೂ ಚೆನ್ನಾಗಿದ್ದರು’ ಎನ್ನಬಹುದು. ಇಬ್ಬರ ಮಾತಿನಲ್ಲೂ ಹುರುಳಿದೆ. ಮುಂದುವರಿಸಬೇಕೋ ಬಿಡಬೇಕೋ ಎಂಬುದು ರೋಗಿಯೂ ವೈದ್ಯರೂ ಕೂತು ತೀರ್ಮಾನಿಸಬೇಕಾದ್ದು. ನನ್ನ ಜಗಳ ಬಿಡುವ ರೀತಿಯ ಬಗ್ಗೆ.

ಎಲ್ಲ ಮಾತ್ರೆಗಳೂ ಒಂದೇ ತರಹವಲ್ಲ. ಫ್ಲುಓಕ್ಸೆಟಿನ್ ದೇಹದಿಂದ ಪೂರ್ತಿ ಹೊರಹೋಗಲು ವಾರಗಳೇ ಬೇಕು, ಹಾಗಾಗಿ ಅದು ತನ್ನಷ್ಟಕ್ಕೇ ಮೆಲ್ಲನೆ ಇಳಿಯುತ್ತದೆ. ವೆನ್ಲಾಫಾಕ್ಸಿನ್, ಪ್ಯಾರೊಕ್ಸೆಟಿನ್ ಹಾಗಲ್ಲ. ವೆನ್ಲಾಫಾಕ್ಸಿನ್ ಒಂದು ದಿನ ತಪ್ಪಿದರೇ ಕೆಲವರಿಗೆ ತಲೆ ತಿರುಗುತ್ತದೆ. ‘ಅರ್ಧ ಮಾಡಿ, ಆಮೇಲೆ ನಿಲ್ಲಿಸಿ’ ಎಂಬ ಸೂತ್ರವೂ ಎಲ್ಲರಿಗೂ ಸಾಲದು. ಇಪ್ಪತ್ತು ಮಿಲಿಗ್ರಾಂನಿಂದ ಹತ್ತಕ್ಕೆ ಇಳಿಸಿದಾಗ ಮೆದುಳಿನ ಮೇಲಿನ ಪ್ರಭಾವ ಅರ್ಧವಾಗುವುದಿಲ್ಲ, ಸ್ವಲ್ಪವೇ ತಗ್ಗುತ್ತದೆ. ಕೊನೆಯ ಐದು ಮಿಲಿಗ್ರಾಂನಿಂದ ಸೊನ್ನೆಗೆ ಇಳಿಯುವಾಗಲೇ ದೊಡ್ಡ ಬೀಳು. ಮೇಲೆ ಸಪಾಟಾಗಿದ್ದು ಬುಡದಲ್ಲಿ ಕಡಿದಾದ ಗುಡ್ಡದಂತೆ. ಅದಕ್ಕೇ ಕೊನೆಯ ಹೆಜ್ಜೆಗಳು ಅತಿ ಚಿಕ್ಕದಾಗಿರಬೇಕೆಂದು 2019ರಲ್ಲಿ ಇಬ್ಬರು ಲಂಡನ್ ತಜ್ಞರು, ಹೊರೊವಿಟ್ಜ್ ಮತ್ತು ಟೇಲರ್, ವಾದಿಸಿದರು. ಅವರಲ್ಲಿ ಹೊರೊವಿಟ್ಜ್ ಸ್ವತಃ ಮಾತ್ರೆ ಬಿಡಲು ಒದ್ದಾಡಿದವರು.

ನಮ್ಮ ದೇಶಕ್ಕೆ ಇನ್ನೊಂದು ವಿಶೇಷ ಗಂಡಾಂತರವಿದೆ. ಇಲ್ಲಿ ಎಸ್ಸಿಟಾಲೋಪ್ರಾಮ್ ಮತ್ತು ಕ್ಲೋನಾಜೆಪಾಮ್ ಎಂಬ ಎರಡು ಬೇರೆಬೇರೆ ಜಾತಿಯ ಔಷಧಿಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ಧಾರಾಳವಾಗಿ ಮಾರುತ್ತಾರೆ. ಮೊದಲನೆಯದು ಖಿನ್ನತೆಗೆ, ಎರಡನೆಯದು ಆತಂಕಕ್ಕೆ, ನಿದ್ದೆಗೆ. ಈ ಎರಡನೆಯದು ನಿಜವಾಗಿಯೂ ಅಭ್ಯಾಸ ಹಿಡಿಸುವಂಥದ್ದು. ಬಹುಕಾಲ ತಿಂದು ಥಟ್ಟನೆ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ. ತಾನು ಒಂದೇ ಮಾತ್ರೆ ತಿನ್ನುತ್ತಿದ್ದೇನೆ ಎಂದುಕೊಂಡವನು ಒಂದೇ ದಿನ ಎರಡನ್ನು ಬಿಟ್ಟಿರುತ್ತಾನೆ. ಒಂದನ್ನು ಇಳಿಸಿ ಇನ್ನೊಂದನ್ನು ಉಳಿಸೋಣವೆಂದರೆ ಎರಡೂ ಅಂಟಿಕೊಂಡಿವೆ. ನಿಮ್ಮ ಮನೆಯ ಮಾತ್ರೆಯ ಪಟ್ಟಿಯನ್ನು ತಿರುಗಿಸಿ, ಸಣ್ಣ ಅಕ್ಷರಗಳಲ್ಲಿ ಎರಡು ಹೆಸರುಗಳಿವೆಯೇ ನೋಡಿ. ಇದ್ದರೆ ವೈದ್ಯರನ್ನು ಕೇಳದೆ ಕೈಹಾಕಬೇಡಿ.

ಇನ್ನು ನಮ್ಮ ಮನೆಗಳ ವಿಚಾರ. ಮದುವೆಯ ಮಾತು ಬಂದಕೂಡಲೇ ಹುಡುಗಿಯ ಮಾತ್ರೆ ನಿಲ್ಲುತ್ತದೆ. ನೋಡಲು ಬಂದವರ ಎದುರು ಪೊಟ್ಟಣ ಸಿಕ್ಕಿಬಿದ್ದರೆ? ಹುಡುಗನಿಗೆ ಗಲ್ಫಿನ ವೀಸಾ ಬಂದರೆ ಮಾತ್ರೆ ನಿಲ್ಲುತ್ತದೆ. ವಿಮಾನ ನಿಲ್ದಾಣದಲ್ಲಿ ತಡೆದರೆ? ಕ್ಲೋನಾಜೆಪಾಮಿನಂಥವಕ್ಕೆ ಅಲ್ಲಿ ಮುಂಗಡ ಅನುಮತಿ ಬೇಕು ನಿಜ, ಆದರೆ ಅದಕ್ಕೆ ಪರಿಹಾರ ವೈದ್ಯರ ಪತ್ರವೇ ಹೊರತು ಹೊರಡುವ ಹಿಂದಿನ ದಿನ ಮಾತ್ರೆಯನ್ನು ತೋಟಕ್ಕೆಸೆಯುವುದಲ್ಲ. ಸರಿಯಾಗಿ ಹೊಸ ಊರು, ಹೊಸ ಮನೆ, ಹೊಸ ಜನರ ನಡುವೆ ಕಾಲಿಡುವ ವಾರದಲ್ಲೇ ಆ ಹುಡುಗ ಹುಡುಗಿಯರ ಮನಸ್ಸು ಕದಡುತ್ತದೆ. ಅತ್ತೆಮನೆಯವರು ‘ಸಿಡುಕಿ’ ಎಂದು ಹೆಸರಿಡುತ್ತಾರೆ. ತವರಿನವರು ಬಾಯಿಮುಚ್ಚಿ ಕೂರುತ್ತಾರೆ.

ಗಡಿಯೇ ನಮ್ಮ ಮಾತ್ರೆ ನಿಲ್ಲಿಸಿದ ದಿನಗಳನ್ನೂ ನೆನೆಯಬೇಕು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ತಲಪಾಡಿಯನ್ನು ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನವರನ್ನು ಆಂಬುಲೆನ್ಸಿನಲ್ಲಿದ್ದರೂ ತಡೆದರು. ಚಿಕಿತ್ಸೆ ಸಿಗದೆ ಜೀವಗಳು ಹೋದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಯಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಹೃದಯದ ರೋಗಿ, ಡಯಾಲಿಸಿಸ್ ರೋಗಿ, ಗರ್ಭಿಣಿ ಇವರ ಸುದ್ದಿ ಪತ್ರಿಕೆಯಲ್ಲಿ ಬಂತು, ಬರಬೇಕಾದದ್ದೇ. ಮಂಗಳೂರಿನ ಚೀಟಿಯ ಮೇಲೆ ಮನಸ್ಸಿನ ಮಾತ್ರೆ ತಿನ್ನುತ್ತಿದ್ದವರು ಎಲ್ಲಿ ಹೋದರು? ಅವರು ತಮ್ಮ ಕಾಯಿಲೆಯನ್ನೇ ಗುಟ್ಟಾಗಿಟ್ಟವರು, ತಡೆಯಲ್ಲಿ ನಿಂತು ಕೂಗುವುದು ಹೇಗೆ? ಅದೇ ದಿನಗಳಲ್ಲಿ ಕೇರಳದಲ್ಲಿ ಮದ್ಯದಂಗಡಿ ಮುಚ್ಚಿ ಕುಡುಕರು ಕಂಗೆಟ್ಟಾಗ, ಮಾರ್ಚ್ 30ರಂದು ಸರ್ಕಾರವೇ ವೈದ್ಯರ ಚೀಟಿಯಿದ್ದವರಿಗೆ ಮದ್ಯ ಕೊಡಬಹುದೆಂದು ಆದೇಶ ಹೊರಡಿಸಿತು. ವೈದ್ಯರು ಪ್ರತಿಭಟಿಸಿದರು, ಏಪ್ರಿಲ್ 2ರಂದು ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಆ ಆದೇಶ ಸರಿಯೆಂದು ನಾನು ಹೇಳುತ್ತಿಲ್ಲ. ಹೆಂಡ ನಿಂತರೆ ಮನುಷ್ಯನಿಗೇನಾಗುತ್ತದೆ ಎಂಬುದು ಸರ್ಕಾರಕ್ಕೆ ಗೊತ್ತಿತ್ತು ಎನ್ನುತ್ತಿದ್ದೇನೆ. ಮದ್ದು ನಿಂತರೆ ಏನಾಗುತ್ತದೆ ಎಂಬುದರ ಬಗ್ಗೆ ಎರಡೂ ರಾಜ್ಯಗಳಲ್ಲಿ ಒಂದು ಸಾಲಿನ ಚರ್ಚೆಯೂ ಕಿವಿಗೆ ಬೀಳಲಿಲ್ಲ.

ಭಾಷೆಯ ತೊಡಕು ಇದರ ಮೇಲೊಂದು ಗಾಯ. ನಮ್ಮವರು ‘ಸಂಕಟ ಆಗ್ತದೆ’ ಎಂದರೆ ಹೊಟ್ಟೆ ತೊಳಸುತ್ತದೆ, ಮೈಗೆ ಸರಿಯಿಲ್ಲ ಎಂದರ್ಥ. ಮಲಯಾಳದ ವೈದ್ಯರ ಕಿವಿಗೆ ಸಂಕಟವೆಂದರೆ ದುಃಖ. ಮಾತ್ರೆ ಬಿಟ್ಟು ವಾಕರಿಕೆಯಿಂದ ಬಂದವಳನ್ನು ದುಃಖಿ ಎಂದು ಬಗೆದು ಪ್ರಮಾಣ ಹೆಚ್ಚಿಸಿದರೆ ತಪ್ಪು ಯಾರದು? ಈ ಅಂಕದ ಮಲಯಾಳ ಪುಟಗಳ ಓದುಗರು ಇದನ್ನು ದೂರೆಂದು ತಿಳಿಯಬಾರದು. ಒಂದೇ ಶಬ್ದ ನಮ್ಮಿಬ್ಬರನ್ನೂ ಮೋಸಗೊಳಿಸುತ್ತಿದೆ. ಕೊರ್ಲಿಮ್‌ನ ವಸಾಹತಿಗೆ ದುಡಿಯಲು ಬಂದಿರುವ ಉತ್ತರ ಕರ್ನಾಟಕದ ಕೂಲಿಕಾರರ ಪಾಡೂ ಇದೇ. ಊರಿಗೆ ಹಣ ಕಳಿಸಲು ನನ್ನ ಕೌಂಟರಿಗೆ ಬರುವ ಅವರು, ಕನ್ನಡದವನೆಂದು ತಿಳಿದು, ವೈದ್ಯರ ಚೀಟಿಯನ್ನೂ ಚಾಚುತ್ತಾರೆ: ‘ಇದ್ರಾಗ ಏನ್ ಬರದಾರ ನೋಡ್ರಿ ಸರ.’ ಕೊಂಕಣಿಯಲ್ಲೋ ಹಿಂದಿಯಲ್ಲೋ ಹೇಳಿದ್ದು ಅವರಿಗೆ ಅರ್ಧವೇ ತಲುಪಿರುತ್ತದೆ. ಬಿಡುವ ಬಗ್ಗೆ ಆ ಚೀಟಿಗಳಲ್ಲಿ ಒಂದು ಸಾಲನ್ನೂ ನಾನು ಕಂಡಿಲ್ಲ.

ಕಾನೂನು ನಮ್ಮ ಪರವಾಗಿಯೇ ಇದೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 22ನೆಯ ಕಲಮು, ಕಾಯಿಲೆಯ ಸ್ವರೂಪ, ಚಿಕಿತ್ಸೆಯ ಯೋಜನೆ, ಅದರ ಗೊತ್ತಿರುವ ಅಡ್ಡಪರಿಣಾಮ ಇವನ್ನು ತಿಳಿಯುವ ಹಕ್ಕು ರೋಗಿಗಿದೆ ಎನ್ನುತ್ತದೆ. ಅದೂ ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ರೂಪದಲ್ಲಿ. ಬಿಟ್ಟಾಗ ಬರುವ ತೊಂದರೆ ಗೊತ್ತಿರುವ ಪರಿಣಾಮವಲ್ಲದೆ ಇನ್ನೇನು? ಬೋರ್ಡಿನ ಮೇಲೆ ಕನ್ನಡ ಇಲ್ಲವೆಂದು ಮೆರವಣಿಗೆ ಮಾಡುವ ನಾವು, ಈ ಕಲಮನ್ನು ಹಿಡಿದು ವೈದ್ಯರ ಕೋಣೆಯಲ್ಲಿ ಒಂದು ಸಲವಾದರೂ ಬಾಯಿಬಿಟ್ಟಿದ್ದೇವೆಯೇ?

‘ಒಬ್ಬೊಬ್ಬ ರೋಗಿಗೂ ಅಷ್ಟು ಹೊತ್ತು ಎಲ್ಲಿಂದ ತರುವುದು?’ ಎಂದು ವೈದ್ಯರು ಕೇಳಬಹುದು, ನ್ಯಾಯವೇ. ಅದಕ್ಕೆ ಉತ್ತರ ಗೋವಾದಲ್ಲೇ ಇದೆ. ಇಲ್ಲಿನ ‘ಸಂಗತ್’ ಸಂಸ್ಥೆಯೊಡನೆ ವಿಕ್ರಮ್ ಪಟೇಲ್ ಅವರ ತಂಡ ಸ್ಥಳೀಯ ಸಾಮಾನ್ಯರಿಗೇ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯವರ ಜೊತೆ ಕೂರಿಸಿತು. ಸರ್ಕಾರಿ ಕೇಂದ್ರಗಳಲ್ಲಿ ಹೆಚ್ಚು ಮಂದಿ ಚೇತರಿಸಿಕೊಂಡರು ಎಂಬ ಫಲಿತಾಂಶ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಂಥವರೊಬ್ಬರು ಮಾತ್ರೆ ಇಳಿಸುವವರಿಗೆ ವಾರಕ್ಕೊಮ್ಮೆ ಅವರದೇ ಭಾಷೆಯಲ್ಲಿ ಫೋನು ಮಾಡಿ ಹೇಗಿದ್ದೀರಿ ಎಂದು ಕೇಳಿದರೆ ಸರ್ಕಾರಕ್ಕೆ ಖರ್ಚೆಷ್ಟು?

ಬ್ಯಾಂಕಿನಲ್ಲಿ ಖಾತೆ ತೆರೆಯಲು ಒಂದು ಫಾರಂ ಇದೆ, ಮುಚ್ಚಲೂ ಒಂದು ಫಾರಂ ಇದೆ. ಸಾಲ ತೀರಿದರೆ ಬಾಕಿಯಿಲ್ಲವೆಂದು ಕಾಗದ ಕೊಡುತ್ತೇವೆ. ನಾನು ಕೇಳುತ್ತಿರುವುದು ಅಷ್ಟೇ. ಒಂದು ಹಾಳೆ: ಯಾವ ಔಷಧಿ, ಎಷ್ಟು ವಾರಕ್ಕೆ ಎಷ್ಟು ಇಳಿಸಬೇಕು, ಸಿಟ್ಟು, ಅಳು, ತಲೆಸುತ್ತು ಬಂದರೆ ಏನು ಮಾಡಬೇಕು, ಯಾರಿಗೆ ಫೋನು ಮಾಡಬೇಕು. ಸಾಯಬೇಕೆನಿಸಿದರೆ ವಾರ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು ಎಂಬುದು ದೊಡ್ಡ ಅಕ್ಷರದಲ್ಲಿ. ಅದರ ಕೆಳಗೆ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರ್ಕಾರಿ ದೂರವಾಣಿ ‘ಟೆಲಿ ಮಾನಸ್’ನ ಸಂಖ್ಯೆ 14416. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಈ ವಾರ್ಷಿಕಾಂಕದ ಬಳಗದವರು ಬಲ್ಲ ವೈದ್ಯರೊಬ್ಬರಿಂದ ಅದನ್ನು ಬರೆಸಿ ತಿದ್ದಿಸಿದರೆ, ಮೊದಲ 500 ಪ್ರತಿಗಳ ಅಚ್ಚಿನ ಖರ್ಚು ನನ್ನದು. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಔಷಧಿ ಅಂಗಡಿಗಳಿಗೆ ಹಂಚುವ ಕೆಲಸಕ್ಕೆ ಓಣಂ ರಜೆಯಲ್ಲಿ ನಾನೇ ಬರುತ್ತೇನೆ.